ಹೂಂ ಅಂದವರು ಏಳುವಂತಿಲ್ಲ

ಇದು ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ಹಂಚಿನ ಮೇಲಿಂದ ಆಗಷ್ಟೇ ಎತ್ತಿದ ಜೋಳದ ರೊಟ್ಟಿಯನ್ನು ನನ್ನ ನಾಲಿಗೆ ಮೇಲೆ ಇಡಿ, ಬೇಡ ಅನ್ನುವುದಿಲ್ಲ. ಅದೊಂದು ಗುರುವಾರ ಸಂಜೆ ಮಾಗಡಿ ರೋಡಿನ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದರೂ ಒಂದು ಗಾಡಿಯೂ ಅಲ್ಲಾಡದೆ ನಿಂತಿತ್ತಲ್ಲ, ನೆನಪಿದೆಯಾ? ನೀವೂ ಅದರಲ್ಲಿ ಸಿಕ್ಕಿಹಾಕಿಕೊಂಡು ಬೈದಿರಬಹುದು. ಪೈಪು ಒಡೆದಿದೆ ಅಂದರು, ಮಿನಿಸ್ಟ್ರು ಬರುತ್ತಿದ್ದಾರೆ ಅಂದರು. ಎರಡೂ ಅಲ್ಲ. ಅಲ್ಲಿ ನಡೆಯುತ್ತಿದ್ದದ್ದು ಬಾಳೇಶನ ಸಿನಿಮಾ ಕಥೆಯ ಸೆಕೆಂಡ್ ಹಾಫ್.

ಬಾಳೇಶ ಅಥಣಿ ಕಡೆಯ ಹುಡುಗ. ಹೆಗ್ಗನಹಳ್ಳಿಯಲ್ಲಿ ಊರಿನವರ ಜೊತೆ ಒಂದು ರೂಮು, ಬೆನ್ನಿಗೆ ಊಟ ಹೊರುವ ದೊಡ್ಡ ಚೌಕದ ಬ್ಯಾಗು, ಕೆಳಗೆ ಒಂದು ಹಳೇ ಬೈಕು. ಆ್ಯಪಿನಲ್ಲಿ ಆರ್ಡರ್ ಬಿದ್ದ ಕಡೆ ಓಡುವುದು ಅವನ ಕೆಲಸ. ಕೆಲಸ ಇಲ್ಲದಿದ್ದರೂ ಅವನು ಒಂದು ಕಡೆ ಕೂರುವವನಲ್ಲ. ಕೂರಿಸಿದರೆ ಕಾಲು ತಾನೇ ತಾನಾಗಿ ಕುಣಿಯುತ್ತಿತ್ತು. ಅವನು ಕೂತ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತವರ ಚಹಾ ಚೆಲ್ಲುತ್ತಿತ್ತು. ನಿದ್ದೆಯಲ್ಲೂ ಕಾಲು ಕುಣಿಯುತ್ತದೆ ಎಂದು ರೂಮಿನವರು ಅವನ ಚಾಪೆಯನ್ನು ಬಾಗಿಲ ಹತ್ತಿರಕ್ಕೆ ದೂಡಿದ್ದರು. ಕಾರಣ ಒಂದೇ. ಅವನ ಹೊಟ್ಟೆಯೊಳಗೆ ಒಂದು ಸಿನಿಮಾ ಕಥೆಯಿತ್ತು. ಇದ್ದದ್ದು ಅರ್ಧ.

ಕಥೆ ಹೀಗೆ. ಹೀರೋನೂ ಊಟ ತಲುಪಿಸುವ ಹುಡುಗನೇ. ದಿನಾ ಮಧ್ಯಾಹ್ನ ಬಸವೇಶ್ವರನಗರದ ಒಂದು ಮನೆಯಿಂದ ಮೊಸರನ್ನದ ಆರ್ಡರ್ ಬರುತ್ತದೆ. ಬೆಲ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಪಕ್ಕದ ಕಿಟಕಿಯ ಪರದೆ ಸರಿದು, ಸರಳುಗಳ ನಡುವಿನಿಂದ ಒಂದು ಕೈ ಹೊರಗೆ ಬರುತ್ತದೆ. ಹಸಿರು ಬಳೆ ತೊಟ್ಟ ಕೈ. ಪೊಟ್ಟಣ ತೆಗೆದುಕೊಂಡು ಒಳಗೆ ಹೋಗುತ್ತದೆ. ಮುಖವಿಲ್ಲ, ಮಾತಿಲ್ಲ. ಹೀರೋ ಆ ಕೈಯನ್ನೇ ಪ್ರೀತಿಸುತ್ತಾನೆ. ಒಂದು ದಿನ ಮೊಸರನ್ನದ ಜೊತೆ ಒಂದು ಮೊಳ ಮಲ್ಲಿಗೆ ಕೊಡುತ್ತಾನೆ. ಕೈ ಒಮ್ಮೆ ಹಿಂದೆ ಸರಿಯುತ್ತದೆ, ಆದರೂ ತೆಗೆದುಕೊಳ್ಳುತ್ತದೆ. ಧೈರ್ಯ ಬಂದು ಅವನು ಬಾಗಿಲು ತಟ್ಟಲು ಹೋಗುತ್ತಾನೆ. ಅಷ್ಟು ದಿನ ಕೈಯನ್ನೇ ನೋಡುತ್ತಾ ನಿಂತವನು ಬಾಗಿಲನ್ನು ನೋಡಿಯೇ ಇರಲಿಲ್ಲ. ಈಗ ನೋಡುತ್ತಾನೆ. ಹೊರಗಿನಿಂದ ಬೀಗ! ಇಂಟರ್ವಲ್.

ಯಾರು ಹಾಕಿದ ಬೀಗ? ಅದು ಬಾಳೇಶನಿಗೂ ಗೊತ್ತಿರಲಿಲ್ಲ. ಗಾಡಿ ಹೊಡೆಯುವಾಗ ಯೋಚಿಸಿದ, ಲಿಫ್ಟಿನಲ್ಲಿ ಯೋಚಿಸಿದ, ಹೋಟೆಲುಗಳ ಮುಂದೆ ಪಾರ್ಸೆಲ್ಲಿಗೆ ಕಾಯುವಾಗ ಯೋಚಿಸಿದ. ಒಮ್ಮೆ ಯೋಚನೆಯಲ್ಲಿ ಹೊಸಹಳ್ಳಿಯ ಬಿರಿಯಾನಿಯನ್ನು ವಿಜಯನಗರದ ಮಠಕ್ಕೆ ಕೊಟ್ಟು ಬಂದು ದೊಡ್ಡ ರಾದ್ಧಾಂತವಾಯಿತು. ಬೀಗ ಮಾತ್ರ ಬಿಚ್ಚಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಸಿನಿಮಾದವರಿಗೆ ಕಥೆಯನ್ನು ಬಾಯಲ್ಲಿ ಹೇಳಬೇಕು. ಬಾಗಿಲು ಕಿರ್ ಅನ್ನುವುದು, ಮಳೆ ಬೀಳುವುದು, ಹೀರೋಯಿನ್ ಅಳುವುದು, ಹಿನ್ನೆಲೆಯ ಪಿಟೀಲು, ಎಲ್ಲ ಹೇಳುವವನ ಬಾಯಿಂದಲೇ ಬರಬೇಕು. ಬಾಳೇಶನಿಗೆ ಅದೆಲ್ಲ ನೀರು ಕುಡಿದ ಹಾಗೆ. ಆದರೆ ಅವನೂರಲ್ಲಿ ಕಥೆ ಹೇಳುವವನ ಎದುರು ಒಬ್ಬರು ಕೂತು ಹೂಂ, ಹೂಂ ಅನ್ನುತ್ತಲೇ ಇರಬೇಕು. ಆ ಹೂಂ ಬೀಳದಿದ್ದರೆ ಅವನಿಗೆ ಮುಂದಿನ ಮಾತು ಹೊರಡುತ್ತಿರಲಿಲ್ಲ. ಬೆಂಗಳೂರಿನ ಪ್ರೊಡ್ಯೂಸರುಗಳೋ, ಕಥೆ ಶುರುವಾದ ಕೂಡಲೇ ಮೊಬೈಲು ನೋಡುತ್ತಿದ್ದರು. ಹೂಂ ಇಲ್ಲ, ಊಹೂಂ ಇಲ್ಲ. ಬಾಳೇಶ ಬಸ್ಸಿನಿಂದ ಬಿದ್ದವನ ಹಾಗೆ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದ. ಬರೆದುಕೊಡು ಅಂದರೆ ಅದೂ ಆಗುತ್ತಿರಲಿಲ್ಲ. ಕಾಗದ ಹೂಂ ಅನ್ನುತ್ತದೆಯೇ?

ಹೂಂ ಸಿಗುತ್ತಿದ್ದದ್ದು ಒಂದೇ ಕಡೆ, ಮೂಡಲಪಾಳ್ಯದಲ್ಲಿ. ಅಲ್ಲಿ ಅವನ ಸೋದರತ್ತೆ ಶಂಕ್ರವ್ವ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದಳು. ಗಂಡ ಕೊಟ್ರಪ್ಪ ತೀರಿಕೊಂಡ ಮೇಲೂ ಒಲೆ ಆರಿಸಿದವಳಲ್ಲ. ಅವಳು ರೊಟ್ಟಿ ತಟ್ಟುತ್ತಾ ಟಪ್ ಟಪ್ ನಡುವೆ ಹೂಂ ಅನ್ನುವಳು, ಬಾಳೇಶ ಕಥೆ ಹೇಳುವನು. ಆದರೆ ಎಷ್ಟು ಸಲ ಹೇಳಿದರೂ ಮಲ್ಲಿಗೆ ಕೊಡುವ ಹೊತ್ತಿಗೆ ಹಿಟ್ಟು ಮುಗಿದು, ಊಟದವರು ಬಂದು ಕೂತು, ಅವಳು ಎದ್ದು ಹೋಗುತ್ತಿದ್ದಳು. ಬೀಗದ ತನಕ ಅವಳು ಕೇಳಿದ್ದೇ ಇಲ್ಲ.

"ನೋಡ ಬಾಳ್ಯಾ," ಎಂದಿದ್ದಳು ಅವಳು, "ಹೂಂ ನಿಂತ್ರ ಹೇಳಾಂವ ನಿಂದರಬೇಕು. ಹೂಂ ಅಂದಾಂವ ಕಥಿ ಮುಗಿಯೂತನಾ ಏಳಬಾರ್ದು. ಎದ್ರ ಕಥಿಯಾಗಿನ ಮಂದಿ ಬೆನ್ನ ಹತ್ತತಾರ."

"ನೀ ದಿನಾ ಏಳತಿಯಲ್ಲ ಅತ್ತಿ?"

"ನನ್ನ ಬೆನ್ನ ಹತ್ತಿ ಅವ್ರಿಗೇನ ಸಿಗತೈತಿ? ಬಂದ್ರ ಎರಡ ರೊಟ್ಟಿ ತಿಂದು ಹೊಕ್ಕಾರ."

ಅಂಥದ್ದರಲ್ಲಿ ಒಂದು ದಿನ ರಾಜಾಜಿನಗರದ ಒಂದು ಸಿನಿಮಾ ಆಫೀಸಿಗೆ ದೋಸೆ ಕೊಡಲು ಹೋದ ಬಾಳೇಶ, ಫೋನಿನಲ್ಲಿ ಯಾರಿಗೋ ಹೂಂ ಹೂಂ ಅನ್ನುತ್ತಲೇ ದೋಸೆ ತೆಗೆದುಕೊಂಡ ಮಧ್ವೇಶ್ ಎಂಬವನಿಗೆ, ಆ ಹೂಂ ತನಗೇ ಎಂದುಕೊಂಡು, ಬಾಗಿಲಲ್ಲೇ ಅರ್ಧ ಕಥೆ ಒಪ್ಪಿಸಿಬಿಟ್ಟ. ಪ್ರೊಡ್ಯೂಸರ್ ಗಿರಿರಾಜ್ ಅವರ ಬಳಿ ಬರುವ ಕಥೆಗಳನ್ನು ಮೊದಲು ಸೋಸುವವನು ಈ ಮಧ್ವೇಶ್. ದೋಸೆ ಆರಿಹೋಯಿತು, ಅವನಿಗೆ ಗೊತ್ತೇ ಆಗಲಿಲ್ಲ.

"ಬಾಸ್, ಇಂಟರ್ವಲ್ ಬ್ಲಾಕ್ ಸಖತ್ತಾಗಿದೆ. ಸೆಕೆಂಡ್ ಹಾಫ್ ಏನು?"

"ಅದು… ಹೇಳಕೋತ ಹೋದಂಗ ಬರತೈತ್ರಿ ಸರ."

"ಬರತ್ತಾ? ಗುರೂ, ಅದೇನ್ ಮಳೇನಾ ತಾನಾಗೇ ಬರೋಕೆ? ದೆವ್ವ ಅಂತ ಮಾಡಿ, ಮುಗೀತು. ಬೀಗ ಹಾಕಿದ ಮನೇಲಿ ದೆವ್ವ ಬಿಟ್ರೆ ಇನ್ಯಾರಿರ್ತಾರೆ?"

"ದೆವ್ವ ಮೊಸರನ್ನ ಯಾಕ ತರಿಸತೈತ್ರಿ?"

ಮಧ್ವೇಶ್ ಆರಿದ ದೋಸೆಯ ಪೊಟ್ಟಣವನ್ನು ಕಂಕುಳಿಗೆ ಸೇರಿಸಿಕೊಂಡ. ಗುರುವಾರ ರಾಹುಕಾಲ ಕಳೆದ ಮೇಲೆ ಬರಲು ಹೇಳಿದ. ಆದರೆ ಕಿವಿ ಹಿಂಡುವ ಹಾಗೆ ಒಂದು ಮಾತನ್ನೂ ಸೇರಿಸಿದ: "ಸಾರ್ ಒಂದು ಕಥೆನ ಒಂದೇ ಸಲ ಕೇಳೋದು. ಅರ್ಧಕ್ಕೆ ನಿಲ್ಸಿದ್ರೆ ಮತ್ತೆ ಈ ಮೆಟ್ಲು ಹತ್ತೋ ಹಾಗಿಲ್ಲ."

ಬಾಳೇಶ ಅಲ್ಲಿಂದ ಸೀದಾ ಖಾನಾವಳಿಗೆ ಬಂದ. "ಅತ್ತಿ, ನೀ ಬಂದು ಹೂಂ ಅನ್ನಬೇಕು. ಇದೊಂದ ಸಲ. ಇದು ಆಗಲಿಲ್ಲಂದ್ರ ಕಥಿ ಸುದ್ದಿ ಬಿಟ್ಟ ಬಿಡತೀನಿ. ಗಾಡಿ ಮಾರಿ ನಿನ್ನ ಬಾಜೂ ಕುಂತು ಹಿಟ್ಟ ನಾದತೀನಿ."

"ಖರೇ?"

"ಖರೇ."

ಶಂಕ್ರವ್ವ ಅವನ ಕಾಲನ್ನು ನೋಡಿದಳು. ನಿಂತಲ್ಲೇ ಕುಣಿಯುತ್ತಿತ್ತು. "ನೀ ಕುಂತು ಹಿಟ್ಟ ನಾದೂದು! ಹಿಟ್ಟ ಪರಾತ ಬಿಟ್ಟು ಓಡಿ ಹೋಗತೈತಿ," ಎಂದಳು. ಆದರೂ ಒಪ್ಪಿದಳು.

ಗುರುವಾರ ಬೆಳಗಿನ ಜಾವ ಎದ್ದು, ಮಧ್ಯಾಹ್ನದ ಊಟದವರನ್ನೆಲ್ಲ ಮುಗಿಸಿ, ಇಳಕಲ್ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಏರಿಸಿಕೊಂಡು ಶಂಕ್ರವ್ವ ಬಾಳೇಶನ ಹಿಂದೆ ಬೈಕು ಹತ್ತಿದಳು.

ಗಿರಿರಾಜ್ ಬೋರ್‌ವೆಲ್ ಲಾರಿಗಳಿಂದ ಸಿನಿಮಾಕ್ಕೆ ಬಂದವರು. ದಪ್ಪ ಆಳು, ಬೆರಳಿಗೊಂದು ಉಂಗುರ, ಗಾಲಿ ಇರುವ ಚರ್ಮದ ಕುರ್ಚಿ. ನೆಲದ ಕೆಳಗೆ ನೀರಿದೆಯೋ ಇಲ್ಲವೋ ಎಂದು ತೆಂಗಿನಕಾಯಿ ಹಿಡಿದು ಹೇಳುವವರನ್ನು ನಂಬಿಯೇ ಮೇಲೆ ಬಂದಿದ್ದ ಮನುಷ್ಯ. ಬೆಕ್ಕು ಅಡ್ಡ ಬಂದರೆ ಲಾರಿಯನ್ನೂ ವಾಪಸು ತಿರುಗಿಸುತ್ತಿದ್ದರು. ಈಗ ಅವರ ಕಣ್ಣು ಮೊಬೈಲಿನ ಮೇಲಿತ್ತು.

"ಈಯಮ್ಮ ಯಾರು?"

"ನಮ್ಮತ್ತೀರಿ. ಹೂಂ ಅನ್ನಾಕ ಬಂದಾರ."

ಗಿರಿರಾಜ್ ತಲೆ ಎತ್ತಿದರು. "ಹೂಂ ಅನ್ನೋಕಾ? ನಮ್ಮಜ್ಜಿ ಕಾಲಕ್ಕೇ ಹೋಯ್ತು ಅಂದ್ಕೊಂಡಿದ್ದೆ ಕಣಯ್ಯಾ ಅದು! ಒಂದ್ಸಲ ಚಿಕ್ಕೋನಿದ್ದಾಗ ಹೂಂ ಅಂತಾ ಅಂತಾನೇ ಮಧ್ಯದಲ್ಲಿ ಎದ್ದು ಉಚ್ಚೆ ಹುಯ್ಯೋಕೆ ಹೋಗ್ಬಿಟ್ಟೆ. ಜ್ವರ ಬಂದು ಮಲಗ್ದೋನು ಅಜ್ಜಿ ಕಥೆ ಮುಗಿಸೋವರ್ಗೂ ಏಳ್ಲಿಲ್ಲ. ಅವತ್ತಿಂದ ಯಾರ್ ಕಥೆಗೂ ಹೂಂ ಅನ್ನಲ್ಲ ನಾನು. ಹೇಳು, ಹೇಳು. ಆಯಮ್ಮ ಅನ್ಲಿ."

ಬಾಳೇಶ ಶುರು ಮಾಡಿದ. ಶಂಕ್ರವ್ವ ಹೂಂ ಅಂದಳು. ಅಬ್ಬಾ, ಆ ಹೂಂ ಬಿದ್ದದ್ದೇ ತಡ, ಆ ಆಫೀಸಿನಲ್ಲಿ ಬಸವೇಶ್ವರನಗರದ ಓಣಿ ಮೂಡಿತು, ಮೊಸರನ್ನಕ್ಕೆ ಒಗ್ಗರಣೆ ಬಿತ್ತು. ಬಾಳೇಶ ಬಾಯಲ್ಲೇ ಬೆಲ್ ಹೊಡೆದಾಗ ಮಧ್ವೇಶ್ ಎದ್ದು ಹೋಗಿ ಆಫೀಸಿನ ಬಾಗಿಲು ತೆಗೆದು ನೋಡಿ ಬಂದ. ಕೈ ಹೊರಗೆ ಬಂತು. ಗಿರಿರಾಜ್ ಮೊಬೈಲು ಮಗುಚಿ ಇಟ್ಟರು. ಮಲ್ಲಿಗೆ ಬಂತು.

ಮತ್ತು ಬೆಳಗಿನ ಜಾವದಿಂದ ದುಡಿದ ಶಂಕ್ರವ್ವನಿಗೆ, ಎಸಿಯ ತಂಪಿಗೆ, ಮೆತ್ತಗಿನ ಸೋಫಾಕ್ಕೆ, ನಿದ್ದೆ ಬಂತು.

"ಕೈ ಹಿಂದ ಸರೀತೈತ್ರಿ. ಆದ್ರೂ ಹೂವು ತಗೋತೈತಿ. ಹೀರೋ ಕಿಡಕಿ ಬಿಟ್ಟು ಬಾಗಲಾ ಬಡಿಯಾಕ ಹೊಕ್ಕಾನ. ಹೋಗಿ ನೋಡತಾನ, ಹೊರಗಿಂದ ಕೀಲಿ!"

"ಕೀಲೀನಾ? ಬೀಗಾನಾ?" ಗಿರಿರಾಜ್ ಮುಂದಕ್ಕೆ ಬಾಗಿದರು.

"ಬೀಗನ ರೀ. ಮುಷ್ಟಿಯಷ್ಟ ದೊಡ್ಡ ಹಿತ್ತಾಳಿ ಬೀಗ."

ಹೂಂ ಬೀಳಲಿಲ್ಲ. ಬಾಳೇಶ ತಿರುಗಿ ನೋಡಿದ. ಅತ್ತೆಯ ಗಲ್ಲ ಎದೆಗೆ ತಾಗಿತ್ತು. ಮುಂದಿನ ಮಾತು ಗಂಟಲಿನಲ್ಲೇ ಕೂತಿತು. ಕೂತದ್ದೇನು, ಅಲ್ಲಿ ಮಾತೇ ಇರಲಿಲ್ಲ. ಗಡಿಯಾರ ಟಿಕ್ ಟಿಕ್ ಅಂದಿತು. ಬಾಳೇಶನ ಕಾಲು ಅದಕ್ಕಿಂತ ಜೋರಾಗಿ ಬಡಿಯಿತು. ಇಂಟರ್ವಲ್ಲಿನಲ್ಲಿ ಇಷ್ಟು ಹೊತ್ತು ಮೌನ ಇಡುವವನನ್ನು ಗಿರಿರಾಜ್ ಜನ್ಮದಲ್ಲಿ ನೋಡಿರಲಿಲ್ಲ. ಅವರಿಗೆ ತಡೆಯಲಾಗಲಿಲ್ಲ.

"ಹೂಂ! ಆಮೇಲೆ?"

ಅಂದುಬಿಟ್ಟು ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. "ಮಧ್ವೇಶ್," ಎಂದರು ಸಣ್ಣ ಸ್ವರದಲ್ಲಿ, "ನಾನ್ ಹೂಂ ಅಂದ್ಬಿಟ್ನೇನೋ?"

"ಅಂದ್ರಿ ಸಾರ್."

"ಹಾಗಾದ್ರೆ ಇನ್ನು ಏಳೋಹಾಗಿಲ್ಲ. ಬೇಗ ಹೇಳಪ್ಪಾ, ಆರೂವರೆಗೆ ಗೃಹಪ್ರವೇಶದ ಊಟ ಇದೆ ನಂಗೆ. ಯಾರು ಹಾಕಿದ್ದು ಬೀಗ?"

ಅದೇ ಹೊತ್ತಿಗೆ ಬಾಳೇಶನ ಮೊಬೈಲು ಕೂಗಿಕೊಂಡಿತು. ಗಡಿಬಿಡಿಯಲ್ಲಿ ಆ್ಯಪು ಬಂದ್ ಮಾಡುವುದನ್ನೇ ಮರೆತಿದ್ದ. ಆರ್ಡರ್ ಬಿದ್ದಿತ್ತು: ಬಸವೇಶ್ವರನಗರದಿಂದ ಇಡ್ಲಿ ವಡೆ, ಮುಟ್ಟಿಸಬೇಕಾದ್ದು ಮೂಡಲಪಾಳ್ಯಕ್ಕೆ. ಹೋಗದಿದ್ದರೆ ಐಡಿ ಬ್ಲಾಕ್. ನಾಳೆಯಿಂದ ಗಾಡಿಯೂ ಇಲ್ಲ, ಕಥೆಯೂ ಇಲ್ಲ. ಅವನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು.

"ಸರ, ಕುಂತ್ರ ನನಗ ಕಥಿ ಬರೂದಿಲ್ರಿ. ಗಾಡಿ ಹೊಡದ್ರ ಬರತೈತಿ. ನೀವೂ ಬರ್ರಿ."

"ಏಳಬಾರ್ದು ಅಂತಿದ್ಯಲ್ಲಯ್ಯಾ ರೂಲ್ಸು!"

"ಕುರ್ಚಿಗೆ ಗಾಲಿ ಅದಾವಲ್ರಿ."

ನಿದ್ದೆ ಹೋದ ಶಂಕ್ರವ್ವನನ್ನು ಎಬ್ಬಿಸುವ ಮನಸ್ಸಾಗದೆ ಸೋಫಾದಲ್ಲೇ ಬಿಟ್ಟರು. ಮಧ್ವೇಶ್ ಕುರ್ಚಿಯನ್ನು ಗಿರಿರಾಜರ ಸಮೇತ ಲಿಫ್ಟಿಗೆ ದೂಡಿದ. ರಾಜಾಜಿನಗರದ ಫುಟ್‌ಪಾತಿನ ಮೇಲೆ, ಹೂ ಮಾರುವವರು, ಎಳನೀರಿನವರು ಕತ್ತು ತಿರುಗಿಸಿ ನೋಡುತ್ತಿದ್ದ ಹಾಗೆ, ಕುರ್ಚಿ ಗಡಗಡ ಉರುಳಿ ಬೈಕಿನ ಪಕ್ಕ ಬಂತು. ಗಿರಿರಾಜ್ ಒಂದು ಕ್ಷಣವೂ ಎದ್ದು ನಿಲ್ಲದೆ, ಬಾಣಲೆಯಿಂದ ತಟ್ಟೆಗೆ ಉದ್ದಿನ ವಡೆ ಜಾರಿದ ಹಾಗೆ, ಕುರ್ಚಿಯಿಂದ ಬೈಕಿನ ಹಿಂದಿನ ಸೀಟಿಗೆ ಜಾರಿಕೊಂಡರು. ಬೈಕು ಒಮ್ಮೆ ನರಳಿತು. ಊಟದ ಬ್ಯಾಗನ್ನು ಅವರ ಬೆನ್ನಿಗೇ ಕಟ್ಟಿದರು. ಮಧ್ವೇಶ್ ತನ್ನ ಸ್ಕೂಟರಿನಲ್ಲಿ ಹಿಂದೆ ಹೊರಟ.

"ಹೂಂ," ಎಂದರು ಗಿರಿರಾಜ್.

ಗಾಡಿ ಹೊರಟ ಮೇಲೆ ಬಾಳೇಶನಿಗೆ ನಿಜಕ್ಕೂ ಮಾತು ಬಂತು. ಹೀರೋ ಬೀಗದಕೈ ಹುಡುಕುತ್ತಾ ಹೊರಡುತ್ತಾನೆ. ಊರಲ್ಲಿರುವ ಹಳೇ ಬೀಗದಕೈಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿ ತರುತ್ತಾನೆ. ಒಂದೊಂದೇ ಹಾಕಿ ನೋಡುತ್ತಾನೆ. ಮೊದಲನೆಯದು ಗಂಡ ಬಿಟ್ಟುಹೋದ ಹೆಂಗಸಿನ ಬೀರುವಿನದು, ಅವಳದೊಂದು ಕಥೆ. ಆಗುವುದಿಲ್ಲ. ಎರಡನೆಯದು ಮುಚ್ಚಿಹೋದ ಟೆಂಟ್ ಥಿಯೇಟರಿನದು, ಅದರದೊಂದು ಕಥೆ. ಆಗುವುದಿಲ್ಲ. ಹೂಂ ಹೂಂ ಎನ್ನುತ್ತಾ ಗಿರಿರಾಜ್ ಬಸವೇಶ್ವರನಗರದ ಹೋಟೆಲಿನ ಮುಂದೆ ಸೀಟಿನಿಂದ ಇಳಿಯದೆ ಇಡ್ಲಿ ಪೊಟ್ಟಣವನ್ನು ಎದೆಗವಚಿಕೊಂಡರು.

ಬಾಯಿ ಹೇಳುತ್ತಿತ್ತು, ತಲೆ ಲೆಕ್ಕ ಹಾಕುತ್ತಿತ್ತು. ಚೀಲದಲ್ಲಿ ಎಷ್ಟು ಬೀಗದಕೈ ತಾನೇ ಇದ್ದಾವು? ಮುಗಿದ ದಿನ ಬಾಗಿಲು ತೆಗೆಯಲೇಬೇಕು. ಒಳಗೆ ಏನಿದೆ ಎಂದು ಬಾಳೇಶನಿಗೇ ಗೊತ್ತಿಲ್ಲ. ಅವನು ಗಾಡಿಯನ್ನು ಸಂದಿ ಗೊಂದಿಯಲ್ಲೆಲ್ಲ ತಿರುಗಿಸಿದ, ಮೂಡಲಪಾಳ್ಯ ಬೇಗ ಬಂದುಬಿಡಬಾರದೆಂದು. ಒಮ್ಮೆ ಇಡ್ಲಿ ಆರುತ್ತದೆ ಎಂಬ ಭಯ, ಒಮ್ಮೆ ಕಥೆ ಆರುತ್ತದೆ ಎಂಬ ಭಯ. ಟೋಲ್‌ಗೇಟಿನಲ್ಲಿ ಕೆಂಪು ದೀಪ ಬಿತ್ತು.

"ಕೀಲಿಕೈ ಅರ್ಧ ತಿರುಗಿತ್ರಿ! ಒಳಗಿಂದ ಯಾರೋ ಉಸುರ ಬಿಟ್ಟಂಗ ಕೇಳತೈತಿ…"

"ಹೂಂ!" ಎಂದರು ಗಿರಿರಾಜ್.

"ಹೂಂ!" ಎಂದಿತು ಇನ್ನೊಂದು ದನಿ. ಪಕ್ಕದ ಆಟೋದವನು ತಲೆ ಹೊರಗೆ ಹಾಕಿದ್ದ. "ಯಾವ್ ಮನೆ ಗುರು? ನಮ್ ಏರಿಯಾನಾ?"

ಹಿಂದಿನ ನೀರಿನ ಕ್ಯಾನಿನ ಟೆಂಪೋದವನು ಹೂಂ ಅಂದ. ಕಿಟಕಿ ಇಳಿಸಿದ ಕಾರಿನ ಆಂಟಿ ಹೂಂ ಅಂದರು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಸಾಲಾದವು. ಹಸಿರು ದೀಪ ಬಿತ್ತು. ಹಿಂದೆ ಯಾರೋ ಹಾರ್ನ್ ಹೊಡೆದರೆ ಇಡೀ ಸಿಗ್ನಲ್ಲು ತಿರುಗಿ "ಶ್!" ಅಂದಿತು. ಟ್ರಾಫಿಕ್ ಪೊಲೀಸಿನವರು ಸೀಟಿ ಊದುತ್ತಾ ಓಡಿಬಂದರು.

"ಏಯ್, ಯಾಕ್ರೀ ನಿಂತಿದೀರ? ತೆಗೀರಿ ಗಾಡಿ!"

"ಒಳಗೆ ಯಾರೋ ಉಸಿರಾಡ್ತಾವ್ರೆ ಸಾರ್," ಎಂದ ಆಟೋದವನು.

"ಎಲ್ಲಿ?"

"ಬೀಗ ಹಾಕಿರೋ ಮನೇಲಿ."

ಪೊಲೀಸಿನವರು ಸೀಟಿಯನ್ನು ಬಾಯಿಂದ ತೆಗೆದರು. "ಹೂಂ? ಆಮೇಲೆ?"

ದೀಪ ಎಷ್ಟು ಸಲ ಕೆಂಪಾಯಿತೋ ಎಷ್ಟು ಸಲ ಹಸಿರಾಯಿತೋ. ಮೇಲೆ ಮೆಟ್ರೋ ಕೂಡ ಸ್ವಲ್ಪ ನಿಧಾನ ಮಾಡಿಕೊಂಡೇ ಹೋಯಿತು, ನೋಡಿದವರಿದ್ದಾರೆ. ಕೊನೆಗೆ ಆ್ಯಪು ಬೈಯಲು ಶುರು ಮಾಡಿದಾಗ ಬಾಳೇಶ ಗಾಡಿ ಎಳೆದ. ಹೂಂ ಅಂದವರು ಬಿಡುವಂತಿಲ್ಲವಲ್ಲ, ಆಟೋ, ಟೆಂಪೋ, ಕಾರು, ಮಧ್ವೇಶನ ಸ್ಕೂಟರಿನ ಹಿಂದೆ ಹತ್ತಿಕೊಂಡ ಪೊಲೀಸಿನವರು, ಎಲ್ಲರೂ ಮೆರವಣಿಗೆಯ ಹಾಗೆ ಹಿಂದೆ ಬಂದರು. ಹೊಸಹಳ್ಳಿ ದಾಟಿತು, ವಿಜಯನಗರ ದಾಟಿತು. ಬಾಳೇಶನ ಚೀಲದಲ್ಲಿ ಬೀಗದಕೈ ಮುಗಿಯುತ್ತಾ ಬಂತು.

ಮೂಡಲಪಾಳ್ಯದಲ್ಲಿ ಇಡ್ಲಿ ತರಿಸಿದವರು ವಿಮಲಮ್ಮ, ರಿಟೈರ್ಡ್ ಟೀಚರ್. ಶಂಕ್ರವ್ವ ಬೆಂಗಳೂರಿಗೆ ಬಂದ ಹೊಸತರಲ್ಲಿ ಬಾಡಿಗೆಗಿದ್ದದ್ದು ಇವರ ಮನೆಯ ಕೆಳಗಿನ ಭಾಗದಲ್ಲೇ. ಈಗ ಅವಳ ಖಾನಾವಳಿ ಅದೇ ಗೇಟಿನ ಎದುರಿಗಿದೆ. ವಿಮಲಮ್ಮ ಗೇಟಿನಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡರು.

"ಏನಪ್ಪಾ, ಒಂದ್ ಪ್ಲೇಟ್ ಇಡ್ಲಿ ತರೋಕೆ ಇಷ್ಟು ಜನ ಬೇಕಾ?"

ಗಿರಿರಾಜ್ ಬೈಕಿನ ಮೇಲಿಂದಲೇ ಪೊಟ್ಟಣ ಚಾಚಿದರು. "ತಗೊಳಿ ತಾಯೀ. ಬೇಜಾರ್ ಮಾಡ್ಕೋಬೇಡಿ, ಕಥೆ ನಡೀತಿದೆ. ಹೇಳಪ್ಪಾ. ಹೂಂ."

"ಹೂಂ," ಎಂದಿತು ಓಣಿ.

ಬಾಳೇಶ ಕೊನೆಯ ಬೀಗದಕೈ ಹಾಕಿದ. ಅದೂ ಆಗಲಿಲ್ಲ. ಚೀಲ ಕೊಡವಿದ. ಇನ್ನೇನೂ ಬೀಳಲಿಲ್ಲ. ಹೂಂಗಳು ಸುತ್ತಲೂ ಕಾದು ನಿಂತಿದ್ದವು, ಆದರೆ ಅವನ ಬಾಯಿಗೆ ಏನೂ ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವನ ಕಾಲು ಕೂಡ ಕುಣಿಯುವುದನ್ನು ನಿಲ್ಲಿಸಿತು.

ಅಷ್ಟರಲ್ಲಿ ಎದುರಿನ ಖಾನಾವಳಿಯಿಂದ ಹಿಟ್ಟಿನ ಕೈಯಲ್ಲೇ ಶಂಕ್ರವ್ವ ಬಂದಳು. ಎಚ್ಚರವಾಗಿ, ಆಫೀಸು ಖಾಲಿ ಇದ್ದದ್ದು ನೋಡಿ, ಆಟೋ ಹಿಡಿದು ಇವರೆಲ್ಲರಿಗಿಂತ ಮೊದಲೇ ಮನೆ ಸೇರಿದ್ದಳು.

"ಎಲ್ಲಿ ಹೋಗಿದ್ದ್ಯೋ ಖೋಡಿ, ನನ್ನ ಅಲ್ಲೇ ಮಲಗಿಸಿ? ಇವ್ರೆಲ್ಲಾ ಊಟಕ್ಕ ಬಂದಾರೇನು? ಹಿಟ್ಟ ಸಾಲೂದಿಲ್ಲ ನೋಡ."

"ಅತ್ತಿ," ಎಂದ ಬಾಳೇಶ. "ಮುಗೀತು. ನಾಳಿಂದ ಹಿಟ್ಟ ನಾದಾಕ ಬರತೀನಿ. ಆ ಕೀಲಿ ಯಾರ ಹಾಕಿದ್ರೋ ನನಗ ಗೊತ್ತಿಲ್ಲ."

"ಯಾವ ಕೀಲಿ?"

"ಕಥಿಯಾಗಿಂದು. ಹೊರಗ ಕೀಲಿ ಐತಿ. ಒಳಗ ಹಸರ ಬಳಿ ಕೈ ಐತಿ. ಕಿಡಕಿಯಾಗಿಂದ ಬರತೈತಿ."

ಶಂಕ್ರವ್ವ ಅವನ ಮುಖ ನೋಡಿದಳು, ವಿಮಲಮ್ಮನ ಮನೆಯ ಕೆಳಗಿನ ಕಿಟಕಿ ನೋಡಿದಳು, ತನ್ನ ಕೈ ನೋಡಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಹುಚ್ಚ ಖೋಡಿ! ಅದು ನನ್ನ ಕೈಯೋ! ಕೀಲಿ ಹಾಕಿಸಿದಾಕಿನೂ ನಾನಽ!"

"ಹೂಂ!" ಎಂದಿತು ಓಣಿ.

"ಈ ಟೀಚರಮ್ಮ ಮನಿಯಾಗ ರೊಟ್ಟಿ ಬಡೀಬ್ಯಾಡ ಅಂದಿದ್ರು, ಸಪ್ಪಳ ತಲಿಗೆ ಹೊಡೀತೈತಂತ. ರೊಟ್ಟಿ ಬಿಟ್ರ ಹೊಟ್ಟಿಗೇನ? ಅದಕ್ಕ ನಿಮ್ಮ ಮಾಮಾ ಕೆಲಸಕ್ಕ ಹೋಗುವಾಗ, ಹೊರಗ ಕೀಲಿ ಹಾಕ್ಕೊಂಡ ಹೋಗ ಅಂತಿದ್ನಿ. ಮನಿಯಾಗ ಯಾರೂ ಇಲ್ಲಂತ ಇವ್ರ ತಿಳೀತಿದ್ರು. ನಾ ಒಳಗ ಕುಂತು ಮಂದಿಗೆಲ್ಲಾ ರೊಟ್ಟಿ ಬಡೀತಿದ್ನಿ. ನೀ ಬ್ಯಾಸಿಗಿ ಸಾಲಿ ಸೂಟಿಗೆ ಊರಿಂದ ಬಂದಾಂವ, ಕಿಡಕಿ ತೆಳಗ ನಿಂತು ನನ್ನ ಕೈಯಾಗಿಂದ ರೊಟ್ಟಿ ಗಂಟ ಇಸಗೊಂಡು ಹುಡುಗ್ರ ರೂಮಿಗೆ ಕೊಟ್ಟ ಬರತಿದ್ದಿ. ಮರತ್ಯಾ?"

ಬಾಳೇಶ ಕಿಟಕಿಯನ್ನು ನೋಡಿದ. ಅದೇ ಸರಳು. ಮರೆತದ್ದು ಹೌದು, ಕೈ ಮಾತ್ರ ಉಳಿದಿತ್ತು.

ಆಗ ವಿಮಲಮ್ಮ ಇಡ್ಲಿ ಪೊಟ್ಟಣವನ್ನು ಗೇಟಿನ ಕಂಬದ ಮೇಲೆ ಕುಕ್ಕಿದರು. "ಏನಂದೆ ಶಂಕ್ರವ್ವಾ? ಬೀಗ ಹಾಕಿರೋ ಮನೇಲಿ ಟಪ್ ಟಪ್ ಅಂತ ಸದ್ದು ಬರ್ತಿದ್ದಿದ್ದು ನಿಂದಾ? ದೆವ್ವ ಅಂತ ನಾನು ಹೋಮ ಮಾಡ್ಸಿದ್ನಲ್ಲೇ!"

"ಗೊತ್ತೈತ್ರಿ ಅವ್ವಾರ. ಅವತ್ತ ನಿಮ್ಮ ಹೋಮದ ಹೊಗಿ ಕಿಡಕಿಯಾಗ ಬಂದು, ಬಾಯಾಗ ಸೆರಗ ತುರಕೊಂಡ ಕುಂತಿದ್ನಿ. ಅದಕ್ಕ ಒಂದ ವಾರ ರೊಟ್ಟಿ ಬಡೀಲಿಲ್ಲ."

"ನಾನು ಹೋಮ ಫಲ ಕೊಡ್ತು ಅಂತ ಪುರೋಹಿತರಿಗೆ ಪಂಚೆ ಶಲ್ಯ ಹೊದಿಸಿದ್ನಲ್ಲೇ!"

"ದೆವ್ವಾನೂ ಇದೆ!" ಎಂದು ಮಧ್ವೇಶ್ ಸ್ಕೂಟರಿನ ಮೇಲೆ ಕುಣಿದ.

"ತಾಳು ತಾಳು," ಎಂದರು ಗಿರಿರಾಜ್, "ಹೀರೋ ಅತ್ತೆ ಕೈನ ಲವ್ ಮಾಡ್ದ ಅಂದ್ರೆ ಫ್ಯಾಮಿಲಿ ಆಡಿಯನ್ಸು ಎದ್ದು ಹೋಗ್ತಾರೆ."

"ಅತ್ತೀಗೊಬ್ಬ ಮಗಳ ಇದ್ಲಂತ ತಿಳೀರಿ," ಎಂದ ಬಾಳೇಶ. ಅವನ ಕಾಲು ಮತ್ತೆ ಕುಣಿಯತೊಡಗಿತ್ತು. "ಒಳಗ ಇಬ್ಬರೂ ಅದಾರ. ರೊಟ್ಟಿ ಬಡಿಯೂ ಕೈ ಅತ್ತೀದು. ಕಿಡಕಿಗೆ ಬರೂ ಕೈ ಮಗಳದು. ಜೋಳದ ರೊಟ್ಟಿ ಬಡದ ಬಡದ ಸಾಕಾಗಿ, ಅವ್ವಗ ಗೊತ್ತಾಗದಂಗ ಮೊಸರನ್ನ ತರಿಸತಿರತಾಳು. ಹೋಮದ ಹೊಗಿಯಾಗ ಆಕಿ ಕೆಮ್ಮತಾಳು. ಹೀರೋ ಕೇಳಿ ಓಡಿ ಬಂದು, ಕೀಲಿ ಒಡೀತಾನ. ಬಾಗಲಾ ತಗೀತೈತಿ. ಇಡೀ ಓಣಿಗೆ ರೊಟ್ಟಿ ವಾಸನಿ."

ಆಟೋದವನು ಕಣ್ಣೊರೆಸಿಕೊಂಡ.

"ಮುಗೀತಾ?" ಎಂದರು ಗಿರಿರಾಜ್.

"ಮುಗೀತ್ರಿ."

ಗಿರಿರಾಜ್ ಸೊಂಟ ಹಿಡಿದುಕೊಂಡು, ಅಯ್ಯಪ್ಪಾ ಎನ್ನುತ್ತಾ ಬೈಕಿನಿಂದ ಇಳಿದು ನೆಟ್ಟಗೆ ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಬಾಳೇಶನ ಹೆಗಲ ಮೇಲೆ ಕೈ ಇಟ್ಟರು.

"ಕಥೆ ಬಂಗಾರ ಕಣಯ್ಯಾ. ಆದ್ರೆ ಪಿಚ್ಚರ್ ಮಾಡೋಕಾಗಲ್ಲ."

"ಯಾಕ್ರೀ ಸರ?"

"ಸಸ್ಪೆನ್ಸ್ ಎಲ್ಲಪ್ಪಾ ಉಳೀತು? ರಾಜಾಜಿನಗರದಿಂದ ಇಲ್ಲೀವರ್ಗೂ ಎಲ್ರಿಗೂ ಹೇಳ್ಕೊಂಡ್ ಬಂದ್ಯಲ್ಲ! ಇನ್ಯಾರು ಟಿಕೆಟ್ ತಗೋತಾರೆ?"

ಬಾಳೇಶ ತಾನು ಮಾಡಿದ್ದೇನೆಂದು ಆಗ ನೋಡಿದ. ಆಟೋ, ಟೆಂಪೋ, ಕಾರು, ಪೊಲೀಸು. ಒಬ್ಬೊಬ್ಬರೂ ಕೊನೆಯ ತನಕ ಕೇಳಿದವರೇ. ಹೂಂ ಸಿಕ್ಕಿದ ಖುಷಿಯಲ್ಲಿ ಪ್ರೇಕ್ಷಕರನ್ನೆಲ್ಲ ಸಿನಿಮಾಕ್ಕೆ ಮೊದಲೇ ಖಾಲಿ ಮಾಡಿಬಿಟ್ಟಿದ್ದ. ಅವನು ಅತ್ತೆಯ ಹಿಟ್ಟು ನಾದುವ ಪರಾತದ ಕಡೆ ನಡೆದ.

"ಅಲ್ಲಾ ಸಾರ್," ಎಂದ ಆಟೋದವನು, "ನಾವು ಕೇಳಿದ್ದು ತಾನೇ? ಆ ಕೈ ಹೆಂಗಿದೆ ಅಂತ ನೋಡ್ಬೇಡ್ವಾ?"

"ಪೊಲೀಸ್ ಪಾರ್ಟೇ ಇಲ್ವಲ್ರೀ ಇದ್ರಲ್ಲಿ," ಎಂದರು ಪೊಲೀಸಿನವರು. "ಒಂದ್ ಹಾಕಿ, ಫ್ಯಾಮಿಲಿ ಕರ್ಕೊಂಡ್ ಬರ್ತೀನಿ."

"ನನ್ ಪಾತ್ರ ಯಾರ್ ಮಾಡ್ತಾರೆ ಅನ್ನೋದು ಮೊದಲು ಹೇಳಿ," ಎಂದರು ವಿಮಲಮ್ಮ. "ದಪ್ಪ ಇರೋರ್ನ ಹಾಕಿದ್ರೆ ನಾನು ಮನೆ ಶೂಟಿಂಗಿಗೆ ಕೊಡಲ್ಲ."

ಗಿರಿರಾಜ್ ತಮ್ಮ ಉಂಗುರಗಳನ್ನು ಒಂದೊಂದಾಗಿ ತಿರುಗಿಸಿದರು. ಲಾರಿ ವ್ಯಾಪಾರದವರು ಪೂರ್ತಿ ಹೂಂ ಅನ್ನುವವರಲ್ಲ, ಪೂರ್ತಿ ಬಿಡುವವರೂ ಅಲ್ಲ.

"ಸರಿ ಕಣಪ್ಪಾ. ಇಂಟರ್ವಲ್ ತನಕ ನಂದು. ಬೀಗ ಹಾಕೋದು ನನ್ನ ಖರ್ಚು. ಬೀಗ ತೆಗೆಸೋಕೆ ಇನ್ನೊಬ್ರನ್ನ ಹುಡುಕ್ಕೊಂಡ್ ಬಾ."

ಹಾಗೇ ಆಯಿತು. ಫಸ್ಟ್ ಹಾಫ್ ಶೂಟಿಂಗು ಮುಗಿದು ಡಬ್ಬಿಯಲ್ಲಿದೆ. ಬಾಳೇಶ ಬೆಳಿಗ್ಗೆ ಅರ್ಧ ದಿನ ಅತ್ತೆಯ ಪಕ್ಕ ಹಿಟ್ಟು ನಾದುತ್ತಾನೆ, ಪರಾತ ಓಡಿಹೋಗದ ಹಾಗೆ ಶಂಕ್ರವ್ವ ಅದರ ಮೇಲೆ ಕಾಲಿಟ್ಟಿರುತ್ತಾಳೆ. ಉಳಿದರ್ಧ ದಿನ ಗಾಡಿ ಹತ್ತಿ ಬೀಗ ತೆಗೆಸುವವರನ್ನು ಹುಡುಕುತ್ತಾನೆ. ಶೂಟಿಂಗಿಗೆ ಹಾಕಿದ ಹಿತ್ತಾಳೆ ಬೀಗ ಇವತ್ತಿಗೂ ವಿಮಲಮ್ಮನ ಮನೆಯ ಕೆಳಗಿನ ಬಾಗಿಲಲ್ಲಿ ನೇತಾಡುತ್ತಿದೆ. ಹೋಗಿ ನೋಡಬಹುದು.

ಆದರೆ ಈಗ ಬೇಡ. ಈಗ ನೀವು ಏಳುವಂತಿಲ್ಲ. ನಡುನಡುವೆ ನೀವು ಹೂಂ ಅಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಸಿಗ್ನಲ್ಲಿನ ಹತ್ತಿರವಂತೂ ಎರಡು ಸಲ ಅಂದಿರಿ. ಈ ಕಥೆ ಮುಗಿಯಬೇಕಾದರೆ ಬೀಗ ತೆಗೆಯಬೇಕು, ತೆಗೆಯಲು ದುಡ್ಡು ಬೇಕು. ಕೆಂಗೇರಿ ಉಪನಗರದಾಚೆ ನಿಮ್ಮದೊಂದು ಮೂವತ್ತು-ನಲವತ್ತರ ಸೈಟು ಸುಮ್ಮನೆ ಖಾಲಿ ಬಿದ್ದಿದೆಯಂತಲ್ಲ? ಅದರ ಪತ್ರವನ್ನು ಸ್ವಲ್ಪ ತೋರಿಸಿ ನೋಡೋಣ. ಅಯ್ಯಯ್ಯೋ, ಏಳಬೇಡಿ ಅಂದೆನಲ್ಲ! ಎಲ್ಲಿಟ್ಟಿದ್ದೀರಿ ಹೇಳಿ ಸಾಕು, ನಾನೇ ತೆಗೆದುಕೊಳ್ಳುತ್ತೇನೆ.